ಸತ್ತ ಇಲಿಯ ವಾಸನೆ

ಡೊಂಬಿವಲಿ (ಪೂರ್ವ)
೨೪-೭-೧೯೯೪, ಭಾನುವಾರ

ಪ್ರೀತಿಯ ಸತ್ಯಕ್ಕನಿಗೆ,

ಶ್ರೀಮತಿಯ ನಮಸ್ಕಾರಗಳು. ಭಾವನಿಗೂ ಹೇಳು. ನಾವು ಮೂವರೂ, ನಮ್ಮ ಪುಚ್ಚೆಯೂ ಸೌಖ್ಯವಾಗಿದ್ದೇವೆ. ಮನೆಗೆ ಮಾತ್ರ ಸೌಖ್ಯವಿಲ್ಲ, ಅದನ್ನು ಮುಂದೆ ಬರೆಯುತ್ತೇನೆ. ನೀನು ಕಳಿಸಿದ ಹಲಸಿನ ಹಪ್ಪಳದ ಕಟ್ಟು ಕೈಸೇರಿ ತಿಂಗಳಾಯಿತು. ಮುಟ್ಟಿತು ಅಂತ ಎರಡು ಗೆರೆ ಬರೆಯಲು ಇವಳಿಗೆ ಏನು ಧಾಡಿ ಎಂದು ನೀನು ಬೈದಿರುತ್ತಿ. ಬೈದದ್ದು ಸರಿಯೇ. ಆದರೆ ನನ್ನ ತಲೆ ನನ್ನ ಹತ್ತಿರ ಇರಲಿಲ್ಲ ಅಕ್ಕ. ಮಳೆಗೆ ಲೋಕಲ್ ಗಾಡಿಗಳೆಲ್ಲ ತಡ, ಫೋರ್ಟಿನ ಆಫೀಸಿನಿಂದ ಮನೆ ಮುಟ್ಟುವಾಗ ಎಂಟು ಗಂಟೆ, ಅದರ ಮೇಲೆ ಮನೆಯೊಳಗೆ ಒಂದು ಸಂಶಯ. ಈ ಸಂಶಯ ಹೊಕ್ಕಿತೆಂದರೆ ಕಾಗದ ಬರೆಯುವುದು ಹಾಗಿರಲಿ, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದೇ ನೆನಪಿರುವುದಿಲ್ಲ.

ಅಮ್ಮನ ಶಾಕವ್ರತ ಹೇಗೆ ನಡೆದಿದೆ, ತರಕಾರಿ ಬಿಟ್ಟು ಸೊರಗಿದ್ದಾಳೋ? ಈ ಕಾಗದವನ್ನು ಅವಳಿಗೆ ಓದಿ ಹೇಳಬೇಡ. ಚೌತಿಗೆ ಬರುತ್ತೇನೆ ಎಂದವಳು ಇದನ್ನು ಕೇಳಿದರೆ ನಮ್ಮ ಮನೆಯಲ್ಲಿ ನೀರು ಸಹ ಕುಡಿಯಲಿಕ್ಕಿಲ್ಲ.

ಶುರುವಾದದ್ದು ವಾಸನೆಯಿಂದ. ಮಳೆ ಹಿಡಿದ ಮೇಲೆ ಅಡುಗೆಮನೆಯಲ್ಲಿ ಒಂದು ಕೆಟ್ಟ ನಾತ. ಒಮ್ಮೆ ಜೋರು, ಒಮ್ಮೆ ಇಲ್ಲವೇ ಇಲ್ಲ. ಇಲಿ ಸತ್ತಿದೆ ಎಂದುಕೊಂಡೆ. ಅಟ್ಟದ ಮೇಲಿನ ಡಬ್ಬ, ಹಳೆಯ ಹಾಸಿಗೆ, ಗಣಪತಿಯ ಮಂಟಪ ಎಲ್ಲವನ್ನೂ ಇಳಿಸಿ ನೋಡಿದೆ. ಇಲಿಯ ಬಾಲವೂ ಸಿಗಲಿಲ್ಲ. ಪುಚ್ಚೆಯನ್ನು ಸಾಕಿದ್ದು ಮತ್ತೆ ಯಾಕೆ ಎಂದು ಅದಕ್ಕೂ ಬೈದೆ. ಕಳೆದ ಮಳೆಗಾಲ ಮೆಟ್ಟಿಲ ಮೇಲೆ ನಡುಗುತ್ತ ಸಿಕ್ಕಿದ ಬೆಕ್ಕು ಅದು. ತುಳುವಿನಲ್ಲಿ ಬೆಕ್ಕಿಗೆ ಪುಚ್ಚೆ ಎನ್ನುತ್ತಾರೆಂದು ಗೊತ್ತಿಲ್ಲದ ನಮ್ಮ ಬಿಲ್ಡಿಂಗಿನವರು ಅದೇ ಅದರ ಹೆಸರೆಂದು ತಿಳಿದಿದ್ದಾರೆ. ಈಚೆಗೆ ಹಾಲನ್ನ ಇಟ್ಟರೆ ಮೂಸಿ ನೋಡಿ ಹೋಗುತ್ತಿತ್ತು. ಆದರೂ ಹೊಟ್ಟೆ ದುಂಡಗಾಗುತ್ತಿತ್ತು. ಅದೂ ನನಗೆ ಸರಿ ಕಾಣಲಿಲ್ಲ.

ಇವರನ್ನು ಕೇಳಿದರೆ, "ನಂಗೆ ಮೂಗು ಕಟ್ಟಿದೆ ಮಾರಾಯ್ತಿ, ಏನೂ ಗೊತ್ತಾಗುದಿಲ್ಲ" ಎಂದರು. ಮರುದಿನ ಕೇಳಿದರೂ ಮೂಗು ಕಟ್ಟಿದೆ. ಎರಡು ವಾರ ಬಿಟ್ಟು ಕೇಳಿದರೂ ಮೂಗು ಕಟ್ಟಿದೆ. ಆದರೆ ನಾನು ಹಿಂಗಿನ ಒಗ್ಗರಣೆ ಹಾಕಿದ ಕೂಡಲೇ ಹೊರಗಿನ ಕೋಣೆಯಿಂದ "ಇವತ್ತು ತಿಳಿಸಾರಾ?" ಎಂದು ಕೇಳುತ್ತಿದ್ದರು! ಕಟ್ಟಿದ ಮೂಗಿಗೆ ಹಿಂಗು ಹೇಗೆ ಗೊತ್ತಾಯಿತು, ನೀನೇ ಹೇಳು.

ಕೊನೆಗೆ ಅಡುಗೆ ಕಟ್ಟೆಯ ಒಳಗೇ ಇಲಿ ಸತ್ತಿರಬೇಕು ಎಂದು ನಿಶ್ಚಯವಾಯಿತು. ಶಹಾಡದ ಕಡೆ ಇರುವ ಗುಲ್ಬರ್ಗಾದ ಗೌಂಡಿ ಅಂಬಾರಾಯನನ್ನು ಕರೆಸಿದೆ. ಮಳೆಗೆ ಅವನ ದೊಡ್ಡ ಕೆಲಸ ನಿಂತಿತ್ತು. ಬಂದವನು ಕಟ್ಟೆಯನ್ನು ತಟ್ಟಿ, ಬಗ್ಗಿ ನೋಡಿ, "ಅಕ್ಕಾರ, ಇಲ್ಲಿ ಇಲಿ ಹೋಗಲಾಕ ಸಂದಿನೇ ಇಲ್ರೀ. ಗ್ವಾಡಿ ಸುದ್ದ ಅದ. ಸುಮ್ಮ ಯಾಕ ಒಡಸ್ತೀರಿ?" ಎಂದ. ನಾನು ಕೇಳಲಿಲ್ಲ. ಇವರು ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿ, ಪೇಪರ್ ಹಿಡಿದು ಬಾಲ್ಕನಿಗೆ ಹೋದರು. ಕಡಪಾ ಕಲ್ಲು ಎರಡು ತುಂಡಾಯಿತು. ಒಳಗೆ ಇಟ್ಟಿಗೆ ಪುಡಿ ಬಿಟ್ಟರೆ ಮತ್ತೇನೂ ಇಲ್ಲ. ಅಂಬಾರಾಯನೇ ಇಲಿಯನ್ನು ಕಾಗದದಲ್ಲಿ ಸುತ್ತಿ ಸಾಗಿಸಿ, ಕೆಲಸ ಉದ್ದ ಮಾಡುತ್ತಿದ್ದಾನೋ ಎಂದೂ ಒಂದು ಗಳಿಗೆ ಅನಿಸಿತು. ನಗಬೇಡ. ಆಗ ನನಗೆ ಯಾರ ಮೇಲೂ ನಂಬಿಕೆ ಇರಲಿಲ್ಲ.

ಸ್ಟೌ ನೆಲದ ಮೇಲೆ ಬಂತು. ವಾಸನೆ ಇದ್ದಲ್ಲೇ ಇತ್ತು.

ಇದರ ನಡುವೆ ಇನ್ನೊಂದು ಶುರುವಾಯಿತು. ನಾನು ಬರುವ ಹೊತ್ತಿಗೆ ಮನೆ ತುಂಬ ಊದಿನಕಡ್ಡಿಯ ಹೊಗೆ. ಇವರಿಗೆ ಥಾಣೆಯ ಬಣ್ಣದ ಕಾರ್ಖಾನೆಯಲ್ಲಿ ಮೊದಲ ಪಾಳಿ, ನಾಲ್ಕು ಗಂಟೆಗೆಲ್ಲ ಮನೆಯಲ್ಲಿರುತ್ತಾರೆ. ಮದುವೆಯಾದಂದಿನಿಂದ ಒಂದು ದಿನ ದೇವರಿಗೆ ದೀಪ ಹಚ್ಚಿದವರಲ್ಲ. ಈಗ ದಿನಾ ಮಲ್ಲಿಗೆ ಪರಿಮಳದ ಊದಿನಕಡ್ಡಿ! ಸುಮೇಧಾಳ ಫ್ರಾಕನ್ನು ಇವರೇ ಒಗೆದು ಹಾಕಿರುತ್ತಾರೆ. ಅವಳ ಕೈಗೆ ಸಾಬೂನು ಹಾಕಿ ಉಜ್ಜುತ್ತಿರುತ್ತಾರೆ. ನಾನು ಒಳಗೆ ಬಂದರೆ ಅಪ್ಪ, ಮಗಳು ಇಬ್ಬರೂ ಒಮ್ಮೆಲೇ ಸುಮ್ಮನಾಗುತ್ತಾರೆ.

ಗಾಡಿಯಲ್ಲಿ ಅನಸೂಯಾ ಎಂಬವಳು ನನಗೆ ಕಲ್ಯಾಣದಿಂದ ಸೀಟು ಹಿಡಿದು ತರುತ್ತಾಳೆ. ಬಿಜಾಪುರದ ಕಡೆಯವಳು, ಬಾಯಿ ಜೋರು, ಮನಸ್ಸು ಒಳ್ಳೆಯದು. ಅವಳಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. "ಶ್ರೀಮತೀ, ಗಂಡಸು ತಾನಾಗೇ ಊದಿನಕಡ್ಡಿ ಹಚ್ಚಾಕತ್ಯಾನಂದ್ರ ಅದರ ಹಿಂದ ಏನರ ಇರ್ತೈತಿ. ಮನೀಗಿ ಯಾರರ ಬಂದು ಹೊಕ್ಕಾರೇನು ನೋಡು. ಒಂದಿನ ಆಫೀಸಿಗಿ ಹೋಗೂದು ಬಿಟ್ಟು ಹಗಲ ಹೊತ್ತಿನ್ಯಾಗ ಹೊಳ್ಳಿ ಹೋಗು" ಎಂದಳು. ಛೀ, ನಮ್ಮವರು ಅಂಥವರಲ್ಲ ಎಂದೆ. ಎಂದೆ ಅಷ್ಟೇ ಅಕ್ಕ. ಅವತ್ತು ಆಫೀಸಿನಲ್ಲಿ ಕೂಡಿಸಿದ್ದನ್ನೇ ಮತ್ತೆ ಮತ್ತೆ ಕೂಡಿಸಿದೆ.

ಮತ್ತೊಬ್ಬರ ಮೇಲೂ ಕಣ್ಣಿತ್ತು, ಎದುರು ಮನೆಯ ಚಂಪಾತಾಯಿಯ ಮೇಲೆ. ಇಲ್ಲಿಯ ಮೂಲದವರು, ಗಂಡ ಹೋದ ಮೇಲೆ ಒಬ್ಬರೇ ಇದ್ದಾರೆ. ಸುಮೇಧಾ ಶಾಲೆಯಿಂದ ಬಂದ ಮೇಲೆ ಇವರು ಬರುವವರೆಗೆ ಅವರ ಮನೆಯಲ್ಲೇ ಇರುತ್ತಾಳೆ ಎಂದು ನಿನಗೆ ಬರೆದಿದ್ದೆ. ಅವರು ಮೀನು ತಿನ್ನುವವರು ಎಂದು ನಾನು ಮಗಳ ಊಟವನ್ನು ಬೆಳಿಗ್ಗೆಯೇ ಡಬ್ಬಿಗೆ ತುಂಬಿಸಿ ಕೊಟ್ಟು ಹೋಗುತ್ತೇನೆ. ಡಬ್ಬಿ ತೊಳೆದಿಟ್ಟಂತೆ ಖಾಲಿಯಾಗಿ ಬರುತ್ತಿತ್ತು. ಮಗು ಚೆನ್ನಾಗಿ ಉಣ್ಣುತ್ತಿದೆ ಎಂದು ನಾನು ಹಿಗ್ಗುತ್ತಿದ್ದೆ. ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಿದ ಚಂಪಾತಾಯಿ, ಈಚೆಗೆ ನಿನ್ನ ಹುಳಿಗೆ ಬೆಲ್ಲ ಸ್ವಲ್ಪ ಜಾಸ್ತಿಯಾಗುತ್ತಿದೆ ಎಂದು ಮರಾಠಿಯಲ್ಲಿ ಹೇಳಿ ಹತ್ತಿ ಹೋದರು. ನನ್ನ ಹುಳಿಯ ಬೆಲ್ಲ ಅವರಿಗೆ ಹೇಗೆ ಗೊತ್ತು? ಇವರು ನಾಲ್ಕು ಗಂಟೆಗೆ ಮನೆಗೆ ಕರೆದು ಬಡಿಸುತ್ತಾರೋ? ಎಲ್ಲಿಂದ ಎಲ್ಲಿಗೋ ಹೋಯಿತು ನನ್ನ ಯೋಚನೆ. ಚಂಪಾತಾಯಿಗೆ ಐವತ್ತೈದು ದಾಟಿದೆ ಎಂಬುದೂ ಅಡ್ಡ ಬರಲಿಲ್ಲ.

ಮೊನ್ನೆ ಬುಧವಾರ ಎಂದಿನಂತೆ ಹೊರಟು, ಥಾಣೆಯಲ್ಲಿ ಇಳಿದು, ಅಲ್ಲೇ ಬೆಂಚಿನ ಮೇಲೆ ಕಳ್ಳಿಯ ಹಾಗೆ ಕೂತೆ. ಮಧ್ಯಾಹ್ನದ ಖಾಲಿ ಗಾಡಿಯಲ್ಲಿ ಹಿಂದೆ ಬಂದೆ. ಸದ್ದಾಗದಂತೆ ಮೆಟ್ಟಿಲು ಹತ್ತಿದೆ. ನಮ್ಮ ಮನೆಗೆ ಬೀಗ. ಚಂಪಾತಾಯಿಯ ಮನೆಯ ಜಾಲರಿ ಬಾಗಿಲಿನಿಂದ ಅದೇ ವಾಸನೆ, ನನ್ನ ಸತ್ತ ಇಲಿಯ ವಾಸನೆ! ಬಾಗಿಲ ಮರೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದೆ. ನೆಲದ ಮೇಲೆ ಸುಮೇಧಾ ಚಕ್ಕಳಮಕ್ಕಳ ಹಾಕಿ ಕೂತು, ಅನ್ನದ ಜೊತೆ ಸುಟ್ಟ ಒಣಮೀನು ಚೀಪುತ್ತಿದ್ದಾಳೆ. ಪಕ್ಕದಲ್ಲಿ ಪುಚ್ಚೆ ಕಾಲು ಚಾಚಿಕೊಂಡಿದೆ. ಎದುರಿಗೆ ಚಂಪಾತಾಯಿ ನಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಬದನೆ ಹುಳಿಯನ್ನು ಸೊರ್ರೆಂದು ಉಣ್ಣುತ್ತಿದ್ದಾರೆ.

ಹುಟ್ಟಿದಂದಿನಿಂದ ಆ ವಾಸನೆ ಮನೆಗೆ ಬಂದಿದ್ದರೆ ತಾನೇ ನಮಗೆ ಗೊತ್ತಾಗುವುದು? ಒಣಮೀನಿಗೂ ಸತ್ತ ಇಲಿಗೂ ವ್ಯತ್ಯಾಸ ತಿಳಿಯದೆ ಕಟ್ಟೆ ಒಡೆಸಿದವಳು ಇಡೀ ಡೊಂಬಿವಲಿಯಲ್ಲಿ ನಾನೊಬ್ಬಳೇ ಇರಬೇಕು.

ಚಂಪಾತಾಯಿಗೆ ಚೂರೂ ಗಾಬರಿಯಿಲ್ಲ. "ಅಗ, ಯೇ ನಾ, ಬಸ್!" ಎಂದು ಕೂರಲು ಮಣೆ ಸರಿಸಿದರು. ನಾನು ಬಾಯಿಗೆ ಬಂದದ್ದನ್ನು ಅಂದೆ. ಅವರು ಕೈ ತೊಳೆದು ಬಂದು ನಿಧಾನವಾಗಿ ಹೇಳಿದರು: ನಿನ್ನ ಮಗಳು ಡಬ್ಬಿ ಮುಚ್ಚಿಟ್ಟು ನನ್ನ ತಟ್ಟೆ ನೋಡುತ್ತ ಕೂರುತ್ತಿದ್ದಳು. ಮೊದಲು ಕೊಡಲಿಲ್ಲ. ನಿನ್ನ ಗಂಡನನ್ನು ಕೇಳಿಯೇ ಕೊಟ್ಟೆ. ನೀನು ಬೆಳಿಗ್ಗೆ ಎದ್ದು ಮಾಡಿದ ಅನ್ನ ಚೆಲ್ಲಲು ಮನಸ್ಸಾಗಲಿಲ್ಲ, ಅದಕ್ಕೆ ನಾನು ಉಂಡೆ. ಶ್ರಾವಣ ಬಂದರೆ ನಮ್ಮಲ್ಲೂ ಮೀನು ಬಂದ್, ಆಮೇಲೆ ಇಬ್ಬರೂ ನಿನ್ನ ಹುಳಿಯನ್ನೇ ಉಣ್ಣುತ್ತೇವೆ, ಬೆಲ್ಲ ಕಡಿಮೆ ಹಾಕು.

ಮಗಳ ಕೈ ಹಿಡಿದು, ಬೀಗ ತೆಗೆದು ಮನೆಯೊಳಗೆ ಬಂದೆ.

ಮನೆಯೊಳಗೆ ವಾಸನೆ ಬಂದದ್ದು ಹೇಗೆಂದು ಸುಮೇಧಾಳೇ ಅಳುತ್ತ ತೋರಿಸಿದಳು. ಪುಚ್ಚೆಯ ಪಾಲೆಂದು ತುಂಡುಗಳನ್ನು ಕಾಗದದಲ್ಲಿ ಕಟ್ಟಿ ತಂದು, ಅಡುಗೆಮನೆ ಮೂಲೆಯಲ್ಲಿರುವ ನನ್ನ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಇಡುತ್ತಿದ್ದಳಂತೆ. ಮಮ್ಮಿ ಅದನ್ನು ತೆರೆಯುವುದೇ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ನಿಜ, ಕೆಲಸಕ್ಕೆ ಸೇರಿದ ಮೇಲೆ ಒಂದು ಗುಂಡಿಯನ್ನೂ ಹೊಲಿದಿಲ್ಲ.

ಸಂಜೆ ಇವರು ಬಂದರು. ಇವರಿಗೆ ಮದುವೆಗೆ ಮೊದಲು ಚೆಂಬೂರಿನ ರೂಮಿನಲ್ಲಿ ಎಲ್ಲ ಜಾತಿಯ ಹುಡುಗರ ಜೊತೆ ಇದ್ದು ಆ ವಾಸನೆ ಚೆನ್ನಾಗಿ ಗೊತ್ತು. "ಅವಳು ಊಟವೇ ಮಾಡ್ತಿರ್ಲಿಲ್ಲ ಮಾರಾಯ್ತಿ. ಅಲ್ಲಿ ನಾಲ್ಕು ತುತ್ತು ಜಾಸ್ತಿ ತಿಂತಾಳೆ ಅಂತಾದ್ರೆ ತಿನ್ಲಿ ಅಂತ ಬಿಟ್ಟೆ. ನಿಂಗೆ ಹೇಳಿದ್ರೆ ನೀನು ಒಂದಾ ಕೆಲಸ ಬಿಡ್ತಿ, ಇಲ್ಲದಿದ್ರೆ ಮಗುವನ್ನ ಉಡುಪಿಗೆ ಕಳಿಸ್ತಿ" ಎಂದರು. ಮತ್ತೆ ನನ್ನ ಕಟ್ಟೆ ಒಡೆಯುವಾಗ ಬಾಯಿಗೆ ಏನಾಗಿತ್ತು ಎಂದು ಕೇಳಿದೆ. "ಕಟ್ಟೆಯನ್ನ ಇನ್ನೊಮ್ಮೆ ಕಟ್ಟಬಹುದು, ಮನೆಯೊಳಗೆ ಜಗಳ ಬೇಡ ಅಂತ ಸುಮ್ಮನಿದ್ದೆ" ಎಂದರು. ಎರಡು ದಿನ ಮಾತು ಬಿಟ್ಟೆ. ಮೂಗು ಮಾತ್ರ ಈಗ ಪೂರ್ತಿ ಗುಣವಾಗಿದೆ.

ಹೋದ ಕಾಗದದಲ್ಲಿ ನೀನು ಕೇಳಿದ್ದಿ, ಸುಮೇಧಾಳನ್ನು ನಮ್ಮಲ್ಲಿಗೆ ಕಳಿಸು, ಸುಶ್ರುತನ ಜೊತೆ ಶಾಲೆಗೆ ಹೋಗುತ್ತಾಳೆ, ಕನ್ನಡವೂ ಬರುತ್ತದೆ ಎಂದು. ಬುಧವಾರ ರಾತ್ರಿಯಾದರೆ ಅವಳ ಬಟ್ಟೆ ಕಟ್ಟಿಯೇಬಿಡುತ್ತಿದ್ದೆ. ಈಗ ಸಿಟ್ಟು ಇಳಿದಿದೆ. ಕಳಿಸುವುದಿಲ್ಲ ಅಕ್ಕ, ಬೇಸರಪಡಬೇಡ. ಕೆಲಸ ಬಿಡಲು ಆಗುವುದಿಲ್ಲ, ಅವಳನ್ನು ಬಿಟ್ಟಿರಲೂ ಆಗುವುದಿಲ್ಲ. ಚಂಪಾತಾಯಿಯ ಮನೆಗೇ ಹೋಗಲಿ, ಏನು ತಿನ್ನುತ್ತಾಳೋ ತಿನ್ನಲಿ, ಆದರೆ ನನಗೆ ಹೇಳಿ ತಿನ್ನಲಿ. ನನ್ನಿಂದ ಏನನ್ನೂ ಮುಚ್ಚಿಡಬಾರದು ಎಂದು ಅಪ್ಪ, ಮಗಳು ಇಬ್ಬರಿಂದಲೂ ದೇವರ ಮುಂದೆ ಮಾತು ತೆಗೆದುಕೊಂಡಿದ್ದೇನೆ. ಅಂಬಾರಾಯ ನಾಳೆ ಬಂದು ಕಟ್ಟೆ ಕಟ್ಟುತ್ತಾನೆ. ಅಮ್ಮ ಬರುವ ಹೊತ್ತಿಗೆ ಅಡುಗೆಮನೆ ಮೊದಲಿನಂತೆ ಇರುತ್ತದೆ.

ನಿನ್ನ ಮಂಡಿನೋವಿಗೆ ಎಣ್ಣೆ ತಪ್ಪಿಸಬೇಡ. ಸುಶ್ರುತನಿಗೆ ಚಿಕ್ಕಮ್ಮನ ಆಶೀರ್ವಾದ, ಚೆನ್ನಾಗಿ ಓದಿ ದೊಡ್ಡವನಾಗಲಿ. ಅಮ್ಮನ ಕಾಲಿಗೆ ನನ್ನ ಪರವಾಗಿ ಒಂದು ನಮಸ್ಕಾರ ಮಾಡು. ನಿಮ್ಮೆಲ್ಲರನ್ನೂ ಕೃಷ್ಣ ಕಾಪಾಡಲಿ.

ನಿನ್ನ ತಂಗಿ,
ಶ್ರೀಮತಿ

ತಾ.ಕ.: ಕಾಗದ ಮಡಚಿ ಅಂಟಿಸಲು ಹೊರಟವಳು ಮತ್ತೆ ಬಿಡಿಸಿದ್ದೇನೆ. ಇವತ್ತು ಭಾನುವಾರವೆಂದು ಸುಮೇಧಾಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಏನಕ್ಕೋ ನಕ್ಕಳು. ಕೆಳಗಿನ ಸಾಲಿನಲ್ಲಿ ಒಂದು ಹಲ್ಲಿಲ್ಲ. ಮೊದಲನೆಯ ಹಲ್ಲು ಅಕ್ಕ. ಯಾವಾಗ ಬಿತ್ತು ಎಂದರೆ ಆಗಲೇ ನಾಲ್ಕೈದು ದಿನವಾಯಿತಂತೆ. ಚಂಪಾತಾಯಿ ಅದನ್ನು ಅವಳ ಕೈಯಿಂದಲೇ ಕೆಳಗಿನ ಅಂಗಡಿಯ ತಗಡಿನ ಮೇಲೆ ಎಸೆಸಿದರಂತೆ, ಲಾಡು ಮಾಡಿಕೊಟ್ಟರಂತೆ. ಇವರಿಗೂ ಗೊತ್ತಿತ್ತು. ನನಗೆ ಮತ್ತೆ ಸಂಶಯ ಬಂತು. ಇದನ್ನೂ ಮಮ್ಮಿಗೆ ಹೇಳಬೇಡ ಅಂತ ಪಪ್ಪ ಹೇಳಿದರಾ, ಯಾಕೆ ಮುಚ್ಚಿಟ್ಟೆ ಎಂದು ಅವಳ ಭುಜ ಹಿಡಿದು ಕೇಳಿದೆ. ಅವಳು ಹೆದರಲಿಲ್ಲ, ಅಳಲೂ ಇಲ್ಲ. ಆಶ್ಚರ್ಯದಿಂದ ನನ್ನನ್ನು ನೋಡಿ, ಮುಚ್ಚಿಡಲಿಲ್ಲ ಮಮ್ಮಿ, ಹೇಳಲು ಮರೆತೆ ಎಂದು ಮರಾಠಿಯಲ್ಲಿ ಹೇಳಿ ಪುಚ್ಚೆಯನ್ನು ಎತ್ತಿಕೊಂಡು ಹೋದಳು. ಅದು ಸುಳ್ಳಲ್ಲ ಅಕ್ಕ, ನಿಜವಾಗಿಯೂ ಮರೆತಿದ್ದಳು. ಮುಚ್ಚಿಟ್ಟಿದ್ದರೇ ಚೆನ್ನಾಗಿತ್ತು. ಮುಚ್ಚಿಡುವಾಗಲಾದರೂ ಒಮ್ಮೆ ನನ್ನ ನೆನಪಾಗುತ್ತಿತ್ತು.