ಹಂದಿಮರಿಗೆ ಬಿದ್ದ ಬೈಗುಳ

ಅಪ್ಪ,

ನಾಯಿಮರಿ ಬೇಕೆಂದರೂ ಒಪ್ಪದವನು ನೀನು. ಈಗ ನಿನ್ನ ಮರಗೆಲಸದ ಕೋಣೆಯಲ್ಲಿ ಹಂದಿಮರಿಯೊಂದು ಗೊರಕೆ ಹೊಡೆಯುತ್ತಿದೆ. ಲಾರಿಯಿಂದ ಬಿದ್ದದ್ದು, ಕೇಳಿಕೊಂಡು ಯಾರೂ ಬರಲಿಲ್ಲ. ಹಂದಿ ಸಾಕುವುದು ನಮಗೇನು ಗೊತ್ತು? ಮೊದಲ ದಿನ ಅಮ್ಮ ಬಿಸಿನೀರಲ್ಲಿ ಸ್ನಾನ ಮಾಡಿಸಿ ತಲೆ ಒರೆಸಿದಳು. ಅದು ನೆಟ್ಟಗೆ ಚರಂಡಿಗೆ ಹೋಗಿ ಹೊರಳಿತು.

ಇವತ್ತು ಬೆಳಿಗ್ಗೆ ಬಾಗಿಲು ತಳ್ಳಿಕೊಂಡು ಹೋದದ್ದು ಸಂಜೆ ಕೆಸರು ಮೆತ್ತಿಕೊಂಡು ಬಂತು. ನೀನು ನಿದ್ದೆಯಲ್ಲೇ ತೀರಿಕೊಂಡ ಮೇಲೆ ಯಾರ ಮೇಲೂ ರೇಗದಿದ್ದ ಅಮ್ಮ, ಸೊಂಟಕ್ಕೆ ಕೈಯಿಟ್ಟು ಶುರುಮಾಡಿದಳು.

"ಹೇಳ್ದೆ ಕೇಳ್ದೆ ಹೋಗ್ಬಿಡೋದಾ? ಹೋಗೋ ಮುಂಚೆ ಒಂದ್ಸಲ ಕೂಗ್ಬಾರ್ದಾ? ನಾನು ಪಕ್ಕದಲ್ಲೇ ಮಲಗಿದ್ನಲ್ಲ!"

ಹಂದಿ ಅವಳ ಕಾಲು ಮೂಸಿತು. ಬೈದು ಮುಗಿಸಿ ಅಮ್ಮ ಅದಕ್ಕೆ ಒಂದು ಸೌಟು ಹೆಚ್ಚೇ ಬಡಿಸಿದಳು. ಆಮೇಲೆ ತಾನೂ ಹೊಟ್ಟೆತುಂಬ ಉಂಡಳು.