ಹಿಕರಿ ಮರ ಕಡಿಸಬೇಡ

ಸೆಪ್ಟೆಂಬರ್ 9, ಬೆಳಿಗ್ಗೆ 5:40

ಎಲ್ಡನ್,

ಎಂಟಕ್ಕೆ ಗರಗಸದವನು ಬಂದರೆ ಕಾಫಿ ಕೊಟ್ಟು ವಾಪಸ್ ಕಳಿಸು. ಅಂಗಳದ ಹಿಕರಿ ಸಾಯುತ್ತಿಲ್ಲ. ಎಲೆಗಳು ಕಂದು ಮಚ್ಚೆಯಾಗಿ ಬೇಗ ಉದುರಿದ್ದು ಈ ಸಲದ ಮಳೆಗೆ ಹಬ್ಬಿದ ಶಿಲೀಂಧ್ರದಿಂದ. ಕಾಂಡವನ್ನೆಲ್ಲ ನೋಡಿದೆ, ದುಂಬಿ ಕೊರೆದ ತೂತಿಲ್ಲ, ರಸ ಸೋರಿಲ್ಲ. ಬಿದ್ದ ಎಲೆಗಳನ್ನು ಗುಡಿಸಿ ಸುಟ್ಟುಬಿಡು. ಹೋದ ವರ್ಷದ ಹಾಗೆ ಗೊಬ್ಬರದ ಗುಂಡಿಗೆ ಸುರಿಯಬೇಡ, ದಯವಿಟ್ಟು.

ಪಕ್ಕದ ಮನೆಯ ಹಾರ್ಲನ್, "ಸತ್ತ ಮರಕ್ಕೆ ಡಾಕ್ಟರಮ್ಮ ಬೇರೆ ಬೇಕೇನಯ್ಯ?" ಎಂದು ನಕ್ಕಾಗ ನೀನು, "ನನ್ ಹೆಂಡ್ತಿ ನೋಡ್ಲಿ, ಆಮೇಲೆ ಕಡಿಯೋಣ" ಅಂದೆಯಂತೆ. ಅದಕ್ಕೆ ನಾನೆಷ್ಟು ಋಣಿಯೆಂದು ಎದುರಿಗೆ ಹೇಳಲು ನನಗೆ ಬರುವುದಿಲ್ಲ.

ನೀನು ಏಣಿ ಹತ್ತಿ ತಂದುಕೊಟ್ಟ ರೆಂಬೆಯ ತುದಿಯಲ್ಲಿ ಮುಂದಿನ ವಸಂತದ ಮೊಗ್ಗು ಕೂತಿದೆ. ಅಳೆದೆ: ಹದಿನಾರು ಮಿಲಿಮೀಟರ್.