ನನ್ನ ಎರಡನೆಯ ಆಯ್ಕೆಯನ್ನು ಯಾರೂ ಕೇಳಲಿಲ್ಲ

ಮಾನ್ಯ ಮುಖ್ಯ ಚುನಾವಣಾಧಿಕಾರಿಗಳೇ,

ಈ ವಿಧಾನಸಭಾ ಚುನಾವಣೆಯಲ್ಲಿ ನಾನು ಯಾವ ಗುಂಡಿ ಒತ್ತಿದರೂ ನನ್ನ ಮನೆ ಕೆಡವುವವರೇ ಗೆಲ್ಲುವಂತಿದೆ. ಮತದಾನ ಪವಿತ್ರ ಕರ್ತವ್ಯವೆಂದು ಸಾರುವ ನಿಮ್ಮ ಪೋಸ್ಟರುಗಳಲ್ಲಿ ಇದಕ್ಕೆ ಪರಿಹಾರ ಕಾಣಲಿಲ್ಲ. ಅದಕ್ಕೇ ಈ ಪತ್ರ.

ನಾನು ಕುರ್ಲಾದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಸಾಲು ಖೋಲಿಗಳ ನಮ್ಮ ಚಾಳನ್ನು ಕೆಡವಿ, ಹೊಸ ಕಟ್ಟಡ ಏಳುವವರೆಗೆ ನಮ್ಮನ್ನು ದೂರದ ಟ್ರಾನ್ಸಿಟ್ ಕ್ಯಾಂಪಿಗೆ ಕಳಿಸುವುದಾಗಿ ಒಬ್ಬ ಅಭ್ಯರ್ಥಿ ಮೈಕಿನಲ್ಲೇ ಹೇಳಿದ್ದಾರೆ. ಹಾಗೆ ಹೋದ ಪಕ್ಕದ ಚಾಳಿನವರು ಇನ್ನೂ ಮರಳಿಲ್ಲ. ಆ ಅಭ್ಯರ್ಥಿ ಬೇಡವೆನ್ನುವವರೇ ಇಲ್ಲಿ ಹೆಚ್ಚು. ಆದರೆ ಅವರ ಎದುರು ನಿಂತವರು ಇಬ್ಬರು: ನಳದ ನೀರಿಗಾಗಿ ಹೋರಾಡಿದ, ವಿಜಯಪುರದ ಕಡೆಯ ಕಾಶವ್ವ ಮತ್ತು ನಮ್ಮ ಚಾಳಿನ ಕೇಸು ನಡೆಸುತ್ತಿರುವ ವಕೀಲ ಅನಿಕೇತ್. ಯಾರಾದರೊಬ್ಬರು ಹಿಂದೆ ಸರಿಯಿರೆಂದು ಕೈಮುಗಿದೆವು.

"ನಾ ಹಿಂದ ಸರದ್ರ ನನ್ನ ಮಂದಿ ಅವಗ ಓಟ್ ಹಾಕ್ತಾರಂತ ಯಾರ್ ಬರದ್ ಕೊಡ್ತೀರಿ?" ಎಂದರು ಕಾಶವ್ವ. ಅನಿಕೇತ್ ಅದನ್ನೇ ಮರಾಠಿಯಲ್ಲಿ ಹೇಳಿದರು. ನಾಮಪತ್ರ ಹಿಂಪಡೆಯುವ ದಿನವೂ ಮುಗಿಯಿತು. ಈಗ ನನ್ನ ಒಂದೇ ಖೋಲಿಯ ಮನೆಯಲ್ಲೂ ಮತ ಒಡೆದಿದೆ. ನನಗೆ ಕಾಶವ್ವ ಬೇಕು. ಹೆಂಡತಿ ನಾಗರತ್ನಾ, "ಕಾಶವ್ವ ಒಳ್ಳೆಯವರೇ ಮಾರಾಯ್ರೇ, ಆದ್ರೆ ಗೆಲ್ಲುದಿಲ್ಲ. ಅನಿಕೇತನಿಗೆ ಹಾಕುವ" ಎನ್ನುತ್ತಾಳೆ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎಂಬ ಗಾದೆಯನ್ನೇ ನೀವು ಕಾನೂನು ಮಾಡಿಟ್ಟಿದ್ದೀರಿ.

ಬೇರೆ ದಾರಿ ಇಲ್ಲವೆಂದು ಮಾತ್ರ ಹೇಳಬೇಡಿ. ನನ್ನ ಮಗಳು ಹರಿಣಿ ಬಿ.ಕಾಂ. ಮಾಡಿದವಳು. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಮತ ಹಾಕಿ ಬಂದವಳೇ, "ಪಪ್ಪಾ, ಅಲ್ಲಿ ಮಶೀನೇ ಇಲ್ಲ. ಪೇಪರ್ ಮೇಲೆ ಒನ್, ಟೂ, ಥ್ರೀ ಹಾಕೋದು. ನಮ್ಮ ಫಸ್ಟ್‌ವಾಲಾ ಔಟಾದ್ರೆ ಓಟು ಸೆಕೆಂಡ್‌ಗೆ ಹೋಗ್ತದೆ, ಬಸ್, ಅಷ್ಟೇ" ಎಂದಳು. ರಾಜ್ಯಸಭೆಗೆ ಶಾಸಕರು ಮತ ಹಾಕುವುದೂ ಹೀಗೆಯೇ, ರಾಷ್ಟ್ರಪತಿಗಳನ್ನು ಆರಿಸುವುದೂ ಹೀಗೆಯೇ. ಅಂದರೆ ದೊಡ್ಡವರಿಗೆ, ಓದಿದವರಿಗೆ ಎರಡನೆಯ ಇಷ್ಟವೊಂದು ಇರುತ್ತದೆ. ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ನನಗೆ ಅದು ಇರಬಾರದೇ?

ನಮ್ಮ ಹೋಟೆಲಿನಲ್ಲಿ ಇಡ್ಲಿ ಮುಗಿದರೆ "ಬೇರೆ ಏನು ಕೊಡಲಿ?" ಎಂದು ಕೇಳುವ ಪದ್ಧತಿಯಿದೆ. ಪಕ್ಕದ ಮೇಜಿನವರು ತಿನ್ನುವುದನ್ನೇ ತಿನ್ನಿ ಎಂದರೆ ಗಿರಾಕಿ ಮತ್ತೆ ಬರುವುದಿಲ್ಲ. ನೋಟಾ ಇದೆಯಲ್ಲ ಎನ್ನುತ್ತೀರೇನೋ. ಅದಕ್ಕೆ ಎಷ್ಟೇ ಮತ ಬಿದ್ದರೂ ಉಳಿದವರಲ್ಲಿ ಮುಂದಿರುವವರೇ ಶಾಸಕರು. ಬೇಡ ಎನ್ನಲು ಬಿಟ್ಟು, ಅದನ್ನು ಕೇಳಿಸಿಕೊಳ್ಳದೆ ಇರುವ ನಿಮ್ಮ ಸೌಜನ್ಯ ದೊಡ್ಡದು.

ನಿನ್ನೆ ನಾನೇ ಸೋತು, ಅನಿಕೇತನಿಗೇ ಹಾಕುತ್ತೇನೆ ಎಂದೆ. ನಾಗರತ್ನಾ ಒಲೆ ಆರಿಸಿ ಹಣೆ ಚಚ್ಚಿಕೊಂಡಳು. ನನ್ನ ಹಿಂದಿನ ವಾದಕ್ಕೆ ಒಪ್ಪಿ ಅವಳು ಕಾಶವ್ವನಿಗೆಂದು ಆಗಲೇ ಮನಸ್ಸು ಮಾಡಿ, ಅಕ್ಕಪಕ್ಕದ ಹೆಂಗಸರನ್ನೂ ಒಪ್ಪಿಸಿ ಬಂದಿದ್ದಳು. ನಾವಿಬ್ಬರು ಕೂತು ಮಾತಾಡಿ ಒಂದಾದೇವು. ಇಡೀ ಕ್ಷೇತ್ರದವರು ಯಾರ ಅಡುಗೆಮನೆಯಲ್ಲಿ ಕೂತು ಮಾತಾಡಬೇಕು? ನನಗೆ ನಿಜಕ್ಕೂ ಭಯವಾಗಿದೆ.

ಕಾನೂನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ಬಲ್ಲೆ. ಒಂದು, ಎರಡು, ಮೂರು ಎಂದು ಗುರುತಿಸುವ ಹಕ್ಕನ್ನು ನಮಗೂ ಕೊಡಬೇಕೆಂದು ದಿಲ್ಲಿಗೆ ಶಿಫಾರಸು ಬರೆಯಿರಿ. ಆ ಹಕ್ಕು ಬರುವಷ್ಟರಲ್ಲಿ ನಾವು ಇಲ್ಲಿರುವುದಿಲ್ಲ. ಆದರೂ ಬರೆಯಿರಿ.

ಇಂತಿ,
ಚಾಳು ನಿಂತಿರುವಷ್ಟು ದಿನ ಈ ಕ್ಷೇತ್ರದ ಮತದಾರ,
ಪೂವಪ್ಪ, ಕುರ್ಲಾ